ಸತ್ಯಾಂಶ: ಎಚ್-ಇಂಡೆಕ್ಸ್ ಜಾಸ್ತಿ ಇದ್ದರೆ ನೊಬೆಲ್ ಗ್ಯಾರಂಟಿನಾ?

"ಈ ಆರ್ಗಾನೋಮೆಟಾಲಿಕ್ ಕೆಮಿಸ್ಟ್‌ನ ಪೇಪರ್‌ಗಳಿಗೆ ಸಾವಿರಾರು ಸೈಟೇಶನ್, ನೊಬೆಲ್ ಖಾತ್ರಿ" ಅನ್ನುವ ಫಾರ್ವರ್ಡ್ ಆಗಾಗ ಬರುತ್ತೆ (ಆರ್ಗಾನೋಮೆಟಾಲಿಕ್ ಅಂದರೆ ಲೋಹ ಮತ್ತು ಕಾರ್ಬನ್ ನೇರವಾಗಿ ಜೋಡಿಕೊಂಡ ಸಂಯುಕ್ತಗಳ ರಸಾಯನಶಾಸ್ತ್ರ). ಹಾಗೇನಿಲ್ಲ.

ಮೊದಲು ಲೆಕ್ಕ ನೋಡಿ. ಸಂಶೋಧಕರ ಪೇಪರ್‌ಗಳಿಗೆ ಬಂದ ಸೈಟೇಶನ್ ಆಧರಿಸಿ ಕೊಡುವ ಅಂಕಿಯೇ ಎಚ್-ಇಂಡೆಕ್ಸ್. ಅದನ್ನು 2005ರಲ್ಲಿ ಸೂಚಿಸಿದ್ದು ಹೋರ್ಹೆ ಹಿರ್ಷ್ ಅನ್ನುವ ಭೌತವಿಜ್ಞಾನಿ. ನಾಲ್ಕು ಪೇಪರ್‌ಗಳಿಗೆ 10, 8, 3, 1 ಸೈಟೇಶನ್ ಇದ್ದರೆ ಇಂಡೆಕ್ಸ್ 3, ಯಾಕಂದರೆ ಕನಿಷ್ಠ ಮೂರು ಸೈಟೇಶನ್ ಇರುವ ಪೇಪರ್ ಮೂರಿವೆ, ಕನಿಷ್ಠ ನಾಲ್ಕು ಇರುವವು ನಾಲ್ಕಿಲ್ಲ. ಆ 10 ನಾಳೆ 5000 ಆದರೂ ಇಂಡೆಕ್ಸ್ 3ರಲ್ಲೇ ಇರುತ್ತೆ. ವಿಚಿತ್ರ ಅಲ್ವಾ?

ಸೈಟೇಶನ್ ಅಂದರೆ ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ ಹೆಸರಿಸಿದ್ದಾರೆ ಅಂತ ಅಷ್ಟೇ, "ಇದು ಸರಿ" ಅಂತ ಸರ್ಟಿಫಿಕೇಟ್ ಅಲ್ಲ. ಫೆರೋಸೀನ್ ಅನ್ನುವ ಕಬ್ಬಿಣದ ಸಂಯುಕ್ತದ ಕಥೆಯನ್ನೇ ತಗೊಳ್ಳಿ. 1951ರಲ್ಲಿ ಕೀಲಿ ಮತ್ತು ಪಾಸನ್ ಬೇರೇನೋ ಮಾಡಲು ಹೋಗಿ ಕಿತ್ತಳೆ ಬಣ್ಣದ ಹರಳು ಪಡೆದರು, ಅದರ ರಚನೆಯನ್ನು ತಪ್ಪಾಗಿ ಊಹಿಸಿ ಪ್ರಕಟಿಸಿಯೂ ಬಿಟ್ಟರು. ಎರಡು ಕಾರ್ಬನ್ ಉಂಗುರಗಳ ಮಧ್ಯೆ ಕಬ್ಬಿಣ ಕೂತಿದೆ ಅಂತ ಆಮೇಲೆ ಬೇರೆಯವರು ತೋರಿಸಿದರು. 1973ರ ನೊಬೆಲ್ ಹೋಗಿದ್ದು ಹಾಗೆ ತೋರಿಸಿದವರಲ್ಲಿದ್ದ ಫಿಷರ್ ಮತ್ತು ವಿಲ್ಕಿನ್ಸನ್‌ಗೆ. ಆದರೂ ಆ ಹಳೇ ಪೇಪರ್ ಅನ್ನು ಜನ ಇವತ್ತಿಗೂ ಸೈಟ್ ಮಾಡ್ತಾರೆ, ಶುರು ಅಲ್ಲಿಂದಲೇ ಆಗಿದ್ದಲ್ವಾ.

ಉಲ್ಟಾನೂ ಆಗುತ್ತೆ. ಎರಡು ಅಣುಗಳ ಕಾರ್ಬನ್‌ಗಳನ್ನು ಜೋಡಿಸುವ ಸುಝುಕಿ ಕಪ್ಲಿಂಗ್ ಅನ್ನುವ ರಾಸಾಯನಿಕ ಕ್ರಿಯೆ ಎಷ್ಟು ಮಾಮೂಲಾಗಿದೆ ಅಂದರೆ, ಎಷ್ಟೋ ಜನ ಹೆಸರು ಮಾತ್ರ ಬರೆದು 1979ರ ಮೂಲ ಪೇಪರ್ ಸೈಟ್ ಮಾಡುವುದನ್ನೇ ಬಿಡ್ತಾರೆ.

ಬೇರೆಯವರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆಯುವ ರಿವ್ಯೂ ಲೇಖನಗಳಿಗೆ ಸುಮ್ನೆ ಜಾಸ್ತಿ ಸೈಟೇಶನ್ ಬರುತ್ತೆ, ಅದು ಬೇರೆ. ನನ್ನನ್ನು ಕೇಳಿದರೆ, ಅಂಕಿ ಬಿಟ್ಟು ಅವರ ಎರಡು ಪೇಪರ್ ಓದಿ.