ಮೇಲಿನವರನ್ನು ಕೇಳಬೇಕು

ಹೋದ ತಿಂಗಳು ನಮ್ಮಕ್ಕನ ಮಗಳ ಮದುವೆ. ಕೋಲಾರದ ಹೊರಗೆ, ಕೆರೆ ಪಕ್ಕದ ಕಲ್ಯಾಣ ಮಂಟಪ. ಈಗಿನ ಮದುವೆಗೆ ಪುರೋಹಿತರು ತಡವಾಗಿ ಬಂದರೂ ನಡೆಯುತ್ತದೆ, ಡ್ರೋನ್ ಮಾತ್ರ ಮುಹೂರ್ತಕ್ಕೆ ಮೊದಲೇ ಬರಬೇಕು. ಬೀಗರನ್ನು ಎದುರುಗೊಳ್ಳುವ ಹೊತ್ತಿಗೆ ಅದು ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು ಮಾಡುತ್ತಾ ಮೇಲೆದ್ದಿತು. ಬಂದೋಬಸ್ತಿಗೋ ಊಟಕ್ಕೋ ಬಂದಿದ್ದ ಕಾನ್‌ಸ್ಟೆಬಲ್ ಒಬ್ಬರು ಕ್ಯಾಮೆರಾ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

"ಪರ್ಮಿಷನ್ ಐತೇನಪ್ಪಾ?"

ಹುಡುಗ ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದ. 2021ರ ಡ್ರೋನ್ ನಿಯಮ, ಗ್ರೀನ್ ಝೋನ್, 400 ಅಡಿವರೆಗೆ ಯಾರನ್ನೂ ಕೇಳಬೇಕಾಗಿಲ್ಲ.

"ಗ್ರೀನ್ ಅಂದ್ರೆ? ರೈತ ಸಂಘದವರಾ?"

"ಅಲ್ಲ ಸಾರ್, ಏರಿಯಾ."

ಅವರು ನಕ್ಷೆ ನೋಡಿದರು, ಆಕಾಶ ನೋಡಿದರು. ಎರಡಕ್ಕೂ ತಾಳೆಯಾಗಲಿಲ್ಲ, ಆಕಾಶ ನೀಲಿಯಾಗೇ ಇತ್ತು. "ಯಾವುದಕ್ಕೂ ಮೇಲಿನವರನ್ನ ಕೇಳಬೇಕು" ಅಂದರು.

ಎಂಥಾ ಮಾತು! ಅಂತರರಾಷ್ಟ್ರೀಯ ಕಾನೂನು ಪಂಡಿತರು ಎಂಟು ದಶಕದಿಂದ ತಿಣುಕುತ್ತಿರುವುದನ್ನು ಈ ಪುಣ್ಯಾತ್ಮ ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸಿದರು. 1944ರಲ್ಲಿ ಶಿಕಾಗೋದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳು ಕೂತು, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಅಧಿಕಾರ ಎಂದು ಬರೆದುಕೊಂಡವು. ಎಲ್ಲಿಯವರೆಗೆ ಅಂತ ಮಾತ್ರ ಬರೆಯಲಿಲ್ಲ. ಚೆಕ್ಕುಬಂದಿ ಇಲ್ಲದ ಕ್ರಯಪತ್ರ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಮೇಲಕ್ಕೆ ದೇವರು. 1967ರಲ್ಲಿ ಮತ್ತೆ ಕೂತು, ಬಾಹ್ಯಾಕಾಶ ಯಾರಪ್ಪಂದೂ ಅಲ್ಲ ಎಂದು ಇನ್ನೊಂದು ಪತ್ರ ಮಾಡಿದರು. ಅದು ಎಲ್ಲಿಂದ ಶುರು ಅಂತ ಅದರಲ್ಲೂ ಇಲ್ಲ! ಹಾರಾಟದ ದಾಖಲೆ ಇಡುವ ಸಂಸ್ಥೆ 100 ಕಿ.ಮೀ. ಅನ್ನುತ್ತದೆ. ಅಮೆರಿಕದವರು 80 ಕಿ.ಮೀ. ದಾಟಿದರೆ ಸಾಕು, ಗಗನಯಾತ್ರಿ ಬಿಲ್ಲೆ ಚುಚ್ಚುತ್ತಾರೆ. ನಡುವಿನ 20 ಕಿ.ಮೀ. ಖರಾಬು ಜಮೀನು. ವಿಶ್ವಸಂಸ್ಥೆಯ ಸಮಿತಿ 1960ರ ದಶಕದಿಂದ ಇದನ್ನೇ ಚರ್ಚಿಸುತ್ತಿದೆ. ನಮ್ಮ ತಾಲ್ಲೂಕು ಕಚೇರಿ ಸರ್ವೆಯವರನ್ನು ಸುಮ್ಮನೆ ಬೈಯುತ್ತೇವೆ.

1976ರಲ್ಲಿ ಸಮಭಾಜಕದ ಮೇಲಿನ ಎಂಟು ದೇಶಗಳು ಬೊಗೋಟಾದಲ್ಲಿ ಸೇರಿ, ನಮ್ಮ ತಲೆ ಮೇಲಿನ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಕಕ್ಷೆ ನಮ್ಮದೇ ಎಂದು ಬಗರ್‌ಹುಕುಂ ಅರ್ಜಿ ಹಾಕಿದವು. ಸಾಗುವಳಿ ಚೀಟಿ ಸಿಗಲಿಲ್ಲ. ಅಷ್ಟೆತ್ತರಕ್ಕೆ ಹತ್ತಿ ಬೇಲಿ ಹಾಕುವ ರಾಕೆಟ್ ಇದ್ದಿದ್ದರೆ ಸಿಗುತ್ತಿತ್ತೋ ಏನೋ.

ಯಾಕೆಂದರೆ ನಿಜವಾದ ಕಾನೂನು, ನಾವೆಸೆದ ಕಲ್ಲು ಎಷ್ಟು ಎತ್ತರ ಹೋಗುತ್ತದೆ ಎಂಬುದು. 1956ರಿಂದ ಅಮೆರಿಕದ ಯು-2 ವಿಮಾನ 70,000 ಅಡಿ ಮೇಲೆ ಸೋವಿಯತ್ ನೆಲದ ಫೋಟೋ ಹೊಡೆದುಕೊಂಡು ಓಡಾಡುತ್ತಿತ್ತು, ಅವರು ಪ್ರತಿಭಟನೆಯ ಕಾಗದ ಬರೆಯುತ್ತಿದ್ದರು. 1960ರ ಮೇ 1ರಂದು ಕ್ಷಿಪಣಿ ಅಲ್ಲಿಗೆ ಮುಟ್ಟಿತು. ಅವತ್ತಿನಿಂದ ಅವರ ಆಕಾಶ ಅವರದು. 2023ರ ಫೆಬ್ರುವರಿಯಲ್ಲಿ ಚೀನಾದ ಬಲೂನು ಅಮೆರಿಕದ ಉದ್ದಗಲ ನೋಡಿಕೊಂಡು ಹೋಗಿ ಸಮುದ್ರ ಸೇರಿದ ಮೇಲೆ, ಎಫ್-22 ವಿಮಾನ ಕಳಿಸಿ ಕ್ಷಿಪಣಿಯಿಂದ ಚುಚ್ಚಿದರು. ಅದೇ ಗುಂಗಿನಲ್ಲಿ ಮುಂದಿನ ವಾರ ಇನ್ನೂ ಮೂರನ್ನು ಹೊಡೆದರು. ಬಹುಶಃ ಯಾವುದೋ ಕಂಪನಿಯವರದೋ ಹವ್ಯಾಸಿಗಳದೋ ಇರಬೇಕು ಎಂದು ಆಮೇಲೆ ಅವರ ಅಧ್ಯಕ್ಷರೇ ಹೇಳಿದರು. ನಮ್ಮಲ್ಲಿ 1995ರ ಡಿಸೆಂಬರಿನಲ್ಲಿ ವಿದೇಶಿ ವಿಮಾನವೊಂದು ಪಶ್ಚಿಮ ಬಂಗಾಳದ ಪುರುಲಿಯಾದ ಮೇಲೆ ರಾತ್ರೋರಾತ್ರಿ ಬಂದೂಕು ಸುರಿದು ಹೋಗಿತ್ತು. ಸಂಪೂರ್ಣ ಅಧಿಕಾರ ಅವತ್ತು ರಜೆಯಲ್ಲಿತ್ತು.

ನನಗೆ ಇದರಲ್ಲೆಲ್ಲ ಇಷ್ಟವಾದವನು ಕಾಸ್ಬಿ ಎಂಬ ಕೋಳಿ ಸಾಕುವವನು. ಅಮೆರಿಕದ ನಾರ್ತ್ ಕೆರೊಲಿನಾದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವಿಮಾನಗಳು ಅವನ ಜಮೀನಿನ ಮೇಲೆ 83 ಅಡಿಯಲ್ಲಿ ಹಾರಾಡಿ, ಸದ್ದಿಗೆ ಬೆದರಿದ ಕೋಳಿಗಳು ಗೋಡೆಗೆ ಡಿಕ್ಕಿ ಹೊಡೆದುಕೊಂಡು ಸುಮಾರು 150 ಸತ್ತವು. ಕೋರ್ಟಿಗೆ ಹೋದ. 1946ರಲ್ಲಿ ಸುಪ್ರೀಂ ಕೋರ್ಟು, ನೆಲದ ಒಡೆತನ ಬ್ರಹ್ಮಾಂಡದ ಅಂಚಿನವರೆಗೆ ಹೋಗುವುದಿಲ್ಲ ಕಣಯ್ಯಾ, ಆದರೂ ಇಷ್ಟು ತಗ್ಗಿನಲ್ಲಿ ಹಾರಿದ್ದಕ್ಕೆ ಪರಿಹಾರ ನ್ಯಾಯ ಎಂದಿತು. ನಮ್ಮ ಕಡೆ ಕೋಳಿ ಫಾರಮ್ಮಿನವರು ಹೋಗಿ ಕೇಳಲಿ ನೋಡೋಣ. ಮೊದಲು ಸತ್ತ ಕೋಳಿಯ ಪಹಣಿ ತರಲು ಹೇಳುತ್ತಾರೆ. 2024ರ ಕೊನೆಯವರೆಗೆ ಜಾರಿಯಲ್ಲಿದ್ದ ನಮ್ಮ 1934ರ ವಿಮಾನ ಕಾಯ್ದೆಯ ಪ್ರಕಾರ ಗಾಳಿಪಟವೂ ವಿಮಾನವೇ ಆಗಿತ್ತು. ಆಷಾಢದಲ್ಲಿ ಚಡ್ಡಿ ಜಾರುತ್ತಾ ಓಡುತ್ತಿದ್ದ ನಾವೆಲ್ಲ ಲೈಸೆನ್ಸಿಲ್ಲದ ಪೈಲಟ್‌ಗಳು.

ಮೇಲಕ್ಕೆ ಎಷ್ಟು ನಮ್ಮದೋ ಗೊತ್ತಿಲ್ಲದಿದ್ದರೆ ಹೋಗಲಿ. ಕೆಳಕ್ಕೆ ಎಷ್ಟು ಎಂದು ಕೋಲಾರದವರಿಗೆ ಅಳತೆ ಸಮೇತ ಗೊತ್ತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ. ಚಿನ್ನ ಹೋಯಿತು, 2001ರಲ್ಲಿ ಬಾಗಿಲು ಬಿತ್ತು, ನಮಗೆ ಸೈನೈಡ್ ಮಣ್ಣಿನ ಗುಡ್ಡ ಉಳಿಯಿತು. ನಾನು ಕೊರೆಸಿದ ಮೂರನೇ ಬೋರ್‌ವೆಲ್ಲು 1,400 ಅಡಿ, ಬಂದದ್ದು ಬಿಳೀ ಧೂಳು. ನಮಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಗುದ್ದಲಿ ಪೂಜೆ ಮಾಡಿದರು, 2024ರಲ್ಲಿ ಸಕಲೇಶಪುರದ ಕಡೆ ಪಂಪು ಚಾಲೂ ಮಾಡಿ ಬಾಗಿನ ಬಿಟ್ಟರು. ನಾವಿಲ್ಲಿ ಪೇಪರಿನಲ್ಲಿ ಫೋಟೋ ನೋಡಿದೆವು. 2018ರಿಂದ ಬೆಂಗಳೂರಿನವರ ಬಚ್ಚಲು ಕಕ್ಕಸಿನ ನೀರನ್ನು ಎರಡು ಹಂತ ಸೋಸಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಸೋಸಿ ಕೊಡ್ರಪ್ಪಾ ಎಂದು ಜನ ಕೇಳುತ್ತಲೇ ಇದ್ದಾರೆ. ಕೇಳಿ ಕೇಳಿ ಸಾಕಾಗಿದೆ. ಕುಡಿಯುವ ನೀರು ಕೇಳಿದರೂ ಅದೇ ಉತ್ತರ ರೀ, ಮೇಲಿನವರನ್ನು ಕೇಳಬೇಕು.

ಡ್ರೋನ್ ಏನಾಯಿತು ಎಂದಿರಾ? ಹೆಗಲ ಮೇಲೆ ಪೊಲೀಸ್ ಕೈ ಬಿದ್ದ ಗಾಬರಿಗೆ ಹುಡುಗ ಯಾವುದೋ ಗುಂಡಿ ಒತ್ತಿ, ಅದು ಪಕ್ಕದ ಜಮೀನಿನ ನೀಲಗಿರಿ ಮರಕ್ಕೆ ಸಿಕ್ಕಿಕೊಂಡಿತು. ಮರ ನಮ್ಮದು, ಯಾವನೂ ಹತ್ತಕೂಡದು ಎಂದು ಜಮೀನಿನವರು ಬಂದರು. ಎರಡು ಲಾಡು, ಒಂದು ತಾಂಬೂಲದ ಚೀಲಕ್ಕೆ ಒಪ್ಪಂದವಾಯಿತು.

ಮೊನ್ನೆ ಆಲ್ಬಮ್ ಬಂತು. ಮೇಲಿನಿಂದ ತೆಗೆದದ್ದು ಒಂದೇ ಫೋಟೋ. ನಾವೆಲ್ಲ ಕತ್ತೆತ್ತಿ ಬಾಯಿ ತೆರೆದುಕೊಂಡಿದ್ದೇವೆ. ಕಾನ್‌ಸ್ಟೆಬಲ್ ಹಣೆಗೆ ಕೈ ಅಡ್ಡ ಹಿಡಿದಿದ್ದಾರೆ. ಮದುಮಗ ಒಬ್ಬನೇ ಬಗ್ಗಿಕೊಂಡು ಚಪ್ಪಲಿ ಹುಡುಕುತ್ತಿದ್ದಾನೆ. ಪಕ್ಕದಲ್ಲಿ ಕೆರೆ ತುಂಬಿದೆ, ಈ ಏರಿಯಿಂದ ಆ ದಡದವರೆಗೆ ಒಂದೇ ಗ್ರೀನ್ ಝೋನ್.