ಅಬ್ಬಿ ನೀರು ಕೆಂಪಾದ ಬೆಳಿಗ್ಗೆ

ಕಳೆದ ಭಾನುವಾರ ಅಡುಗೆಮನೆ ನಲ್ಲಿ ತಿರುಗಿಸಿದರೆ ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಂಪು ನೀರು. ನಮ್ಮಲ್ಲಿ ಬೋರ್‌ವೆಲ್ ಇಲ್ಲ. ಗುಡ್ಡದ ಅಬ್ಬಿಯಿಂದ, ಅಂದರೆ ಝರಿಯಿಂದ, ಕಪ್ಪು ಪೈಪು ಎಳೆದುಕೊಂಡಿದ್ದೇವೆ. ಕುಡಿಯೋದಕ್ಕೂ ಅದೇ, ದನಕ್ಕೂ ಅದೇ. ಅಪ್ಪನಿಗೆ ಮಂಡಿನೋವು, ಹಾಗಾಗಿ ನಾನೇ ಕತ್ತಿ ಹಿಡಿದು ಹತ್ತಿದೆ. ಪೈಪಿನ ಬಾಯಿಗೆ ಕಟ್ಟಿದ ಜಾಲರಿಯಲ್ಲಿ ಒಂದು ಬಿಸ್ಕತ್ ಕವರು, ಹರಿದ ರೇನ್‌ಕೋಟಿನ ತೋಳು, ಉಳಿದಿದ್ದೆಲ್ಲ ರಾಡಿ. ಮೇಲೆ ನೋಡಿದರೆ ಜೀಪು ದಾರಿಯ ಧರೆ, ಅಂದರೆ ಪಕ್ಕದ ಮಣ್ಣಿನ ದಿಬ್ಬ, ಜರಿದು ಹಳ್ಳಕ್ಕೆ ಇಳಿದಿತ್ತು.

ನಮ್ಮದು ಕಳಸದ ಕಡೆ, ಕುದುರೆಮುಖದ ಬುಡ. ಟ್ರೆಕಿಂಗಿಗೆ ಬರುವವರನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ನನ್ನ ದೊಡ್ಡಪ್ಪನ ಮಗನೇ ಅವರನ್ನು ಮೇಲೆ ಬಿಡುವ ಜೀಪು ಓಡಿಸುತ್ತಾನೆ. ಅಡಿಕೆಗೆ ಕೊಳೆ ಬಂದ ವರ್ಷ ಅವನ ಮನೆ ನಡೆದಿದ್ದೇ ಆ ಬಾಡಿಗೆಯಲ್ಲಿ.

ಆದರೂ ಒಂದು ಮಾತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನ ಆಯಿತು, ಸುಮಾರು 600 ಚದರ ಕಿಲೋಮೀಟರ್. ಇಲ್ಲಿನ ಕಬ್ಬಿಣದ ಅದಿರು ಗಣಿಯ ಹೂಳು ಭದ್ರಾ ನದಿಗೆ ಹೋಗ್ತಿದೆ ಅಂತಲೇ ಅಲ್ವಾ ಸುಪ್ರೀಂ ಕೋರ್ಟ್ ತನಕ ಹೋಗಿದ್ದು? 2005ರ ಕೊನೆಗೆ ಗಣಿ ನಿಂತಿತು. ಅವತ್ತು ಕೆಂಪು ನೀರು ತಪ್ಪು ಅಂದಮೇಲೆ ಇವತ್ತಿನ ಕೆಂಪು ನೀರು ಸರಿ ಹೇಗಾಗುತ್ತದೆ? ನಮ್ಮ ದಾರಿಗೆ ನಾಲ್ಕು ಬುಟ್ಟಿ ಜಲ್ಲಿ ಹಾಕೋಕೆ ನೂರು ಸಲ ಕೇಳಬೇಕು. ಅದೇ ದಾರಿಯಲ್ಲಿ ಶನಿವಾರ ಎಷ್ಟು ಜೀಪು ಹತ್ತಿತು ಅಂತ ಎಣಿಸುವವರಿಲ್ಲ.

ಟ್ರೆಕಿಂಗಿಗೆ ದಿನಕ್ಕೆ 300 ಜನ ಅಂತ ಮಿತಿ ಇದೆ, ಆನ್‌ಲೈನ್ ಬುಕ್ಕಿಂಗ್ ಇದೆ. ಒಳ್ಳೇದೇ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾಲುಗಟ್ಟಿ ನಿಂತ ಜನರನ್ನು ನೋಡಿದವರಿಗೆ ಅದು ಬೇಡ ಅನ್ನಿಸಲ್ಲ. ಆದರೆ ಡಿಸೆಂಬರಿನ ಗಟ್ಟಿ ನೆಲಕ್ಕೂ ಜುಲೈನ ರಾಡಿಗೂ ಒಂದೇ ಲೆಕ್ಕ ಸಾಕಾ? ಹಸಿರು ನೋಡೋಕೆ ಜನ ಜಾಸ್ತಿ ಬರೋದು ಮಳೆಗಾಲದಲ್ಲೇ. ನೆಲ ಬೆಣ್ಣೆಯಂತೆ ಮೆತ್ತಗಾಗೋದೂ ಆಗಲೇ. ಒಂದಡಿ ಕಾಲುದಾರಿ ಕೆಸರಾಯಿತು ಅಂತ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಮುಂದಿನ ವಾರ ಅದೂ ಕೆಸರು. ಈಗ ಕೆಲವು ಕಡೆ ಜೋಡೆತ್ತು ಹೋಗುವಷ್ಟು ಅಗಲ. ಬೆಟ್ಟದ ನೆತ್ತಿಯ ಆ ಹುಲ್ಲು, ಕಣಿವೆ ಸಂದಿನಲ್ಲಿ ಬೆಳೆಯುವ ದಟ್ಟ ಶೋಲಾ ಕಾಡು ಸೇರಿಯೇ ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆ ತನಕ ನಮ್ಮ ಅಬ್ಬಿಗೆ ಬಿಡೋದು. ಫೋಟೋದಲ್ಲಿ ಅದು ಬರೀ ಹುಲ್ಲು.

ಜೋರು ಮಳೆಯ ವಾರಗಳಲ್ಲಿ ಹತ್ತೋದು ನಿಲ್ಲಿಸಿ. ಜೀಪಿಗೂ ಲೆಕ್ಕ ಇಡಿ. ಶೌಚಾಲಯದ ಗುಂಡಿ ಅಬ್ಬಿಯ ಮೇಲ್ಗಡೆ ಬೇಡ. ಇಷ್ಟು ಹೇಳಿದ್ದಕ್ಕೇ ಊರಲ್ಲಿ ಕೆಲವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಇರಲಿ.

ಮಧ್ಯಾಹ್ನ ದೊಡ್ಡಪ್ಪನ ಮಗ ಗುದ್ದಲಿ ತಂದ. ಇಬ್ಬರೂ ಸೇರಿ ಮಣ್ಣು ಎಳೆದೆವು. ಅರ್ಧ ಆಗಿತ್ತು, ಅವನಿಗೆ ಫೋನ್ ಬಂತು. ಎಂಟು ಜನ ಇದ್ದಾರಂತೆ, ಮೇಲೆ ಬಿಡಬೇಕಂತೆ. ನನ್ನ ಮುಖ ನೋಡಿದ. 'ಹೋಗು ಮಾರಾಯ' ಅಂದೆ.