ಹಂಡೆಗೊಂದು ಹಬ್ಬ ಇತ್ತು, ಗೀಸರ್‌ಗೆ ಯಾಕಿಲ್ಲ?

ಹೋದ ವರ್ಷ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಚ್ಚಲುಮನೆಯಿಂದ 'ಟಪ್' ಅಂತ ಸದ್ದು ಬಂತು. ಮನೆಯಿಡೀ ಕತ್ತಲು. ಮೀಟರ್ ಬೋರ್ಡ್ ಹತ್ತಿರ ಹೋಗಿ ನೋಡಿದರೆ ಟ್ರಿಪ್ ಆಗಿದೆ. ಎತ್ತಿದರೆ ಮತ್ತೆ ಬೀಳುತ್ತೆ. ಗೀಸರ್ ಸ್ವಿಚ್ ಆಫ್ ಮಾಡಿದ ಮೇಲೆ ನಿಂತಿತು. ತಲೆಗೆ ಎಣ್ಣೆ ಒತ್ತಿಸಿಕೊಂಡು ಕೂತಿದ್ದ ಮಗಳು ಆವತ್ತು ಎಣ್ಣೆ ತಲೆಯಲ್ಲೇ ಶಾಲೆಗೆ ಹೋದಳು. ಅದನ್ನು ಅವಳು ಇನ್ನೂ ಮರೆತಿಲ್ಲ.

ಕೋಲಾರದ ಡಿಸೆಂಬರ್ ಚಳಿ ಗೊತ್ತಿರುವವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ಗೀಸರ್ ರಿಪೇರಿಯವನಿಗೆ ಫೋನ್ ಮಾಡಿದರೆ, 'ಅಕ್ಕಾ, ಇವತ್ತು ಆಗಲ್ಲ, ನಾಳೆನೂ ಆಗಲ್ಲ' ಅಂದ. ಚಳಿಗಾಲದಲ್ಲೇ ಎಲ್ಲರ ಗೀಸರ್ ಕೆಡುವುದು, ಅಲ್ವಾ? ಮೂರು ದಿನ ಗ್ಯಾಸ್ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಿದೆವು.

ಮೂರನೇ ದಿನ ಬಂದ. ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲ್ ಎಳೆದ. ಬರಲಿಲ್ಲ. ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ತೂರಿಸಿ ಕುಟ್ಟಿ ಕುಟ್ಟಿ ಹೊರಗೆ ತೆಗೆದ. ಬೆರಳು ದಪ್ಪ ಇರಬೇಕಾದ್ದು ಮುಷ್ಟಿ ದಪ್ಪ ಆಗಿತ್ತು. ಮೇಲೆಲ್ಲ ಬಿಳಿ ಕಲ್ಲು. ತಟ್ಟಿದರೆ ಹಳೇ ಗೋಡೆಯ ಸುಣ್ಣದ ಹಕ್ಕಳೆ ಥರ ಉದುರಿತು. ಟ್ಯಾಂಕಿನೊಳಗೆ ಕೈ ಹಾಕಿ ಅರ್ಧ ಬಕೆಟ್ ಪುಡಿ ತೆಗೆದ. 'ಇದು ಗೀಸರಾ, ಸುಣ್ಣದ ಗೂಡಾ ಅಕ್ಕಾ?' ಅಂತ ಕೇಳಿದ. ನನಗೆ ನಗು ಬರಲಿಲ್ಲ.

ಆಮೇಲೆ ಒಂದು ತುಕ್ಕು ಹಿಡಿದ ತಂತಿ ತೋರಿಸಿದ. ಸೈಕಲ್ ಕಡ್ಡಿಯಷ್ಟು ಸಣ್ಣ. ಅದು ಆನೋಡ್ ರಾಡ್ ಅಂತೆ. ಹೊಸದಾಗಿದ್ದಾಗ ದಪ್ಪ ಮೆಗ್ನೀಷಿಯಂ ಕಡ್ಡಿ. ಟ್ಯಾಂಕಿನ ಕಬ್ಬಿಣವನ್ನು ತಿನ್ನಬೇಕಾದ ನೀರು ಮೊದಲು ಈ ಕಡ್ಡಿಯನ್ನು ತಿನ್ನುತ್ತೆ. ಕಡ್ಡಿ ಪೂರ್ತಿ ಕರಗಿದ ಮೇಲೆ ಟ್ಯಾಂಕಿನ ಸರದಿ. ಐದು ವರ್ಷದಿಂದ ಆ ಗೀಸರ್‌ನಲ್ಲಿ ಸ್ನಾನ ಮಾಡಿದ್ದೇವೆ. ಇಂಥದ್ದೊಂದು ಒಳಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮ ನೀರಿಗೆ ಇದನ್ನು ವರ್ಷಕ್ಕೊಮ್ಮೆ ನೋಡಲೇಬೇಕು ಅಂದ. ಬೆಲೆ ಕೇಳಿದರೆ ಕೆಲವೇ ನೂರು ರೂಪಾಯಿ.

ಕಾಯಿಲ್, ರಾಡ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 2,300 ರೂಪಾಯಿ ಕೊಟ್ಟೆವು. ಕಾಯಿಲ್ ಒಂದು ದಿನಕ್ಕೆ ಸಾಯಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಆರು ತಿಂಗಳಿಂದ ನೀರು ಕಾಯುವಾಗ ಗುರ್ ಗುರ್ ಅಂತ, ನಡುವೆ ಪಟಪಟ ಅಂತ ಸದ್ದು ಬರುತ್ತಿತ್ತು. ನೀರು ಚೆನ್ನಾಗಿ ಕಾಯುತ್ತಿದೆ ಅಂದುಕೊಂಡಿದ್ದೆ!

ನಮ್ಮ ಅತ್ತೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. 'ನಮ್ಮ ಹಂಡೆ ಯಾವತ್ತೂ ಹೀಗೆ ಮಾಡಿಲ್ಲ ನೋಡಮ್ಮ' ಅಂದರು. ಮೊದಲಿಗೆ ಸಿಟ್ಟು ಬಂತು. ಹಂಡೆಗೆ ಕರೆಂಟ್ ಎಲ್ಲಿತ್ತು ಕೆಡೋದಕ್ಕೆ? ರಾತ್ರಿ ಕೂತು ಯೋಚಿಸಿದಾಗ ಅವರ ಮಾತಿನಲ್ಲಿ ಇನ್ನೊಂದು ವಿಷಯ ಕಂಡಿತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಆವತ್ತು ಹಂಡೆಯನ್ನು ಒಲೆಯಿಂದ ಇಳಿಸಿ, ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ಉಜ್ಜಿ, ಒಲೆಯ ಬೂದಿ ತೆಗೆದು, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿ, ಹೂವು ಹಾಕುತ್ತಿದ್ದರು. ಹುಣಸೆಯ ಹುಳಿ ತಾಮ್ರದ ಕಿಲುಬನ್ನೂ ಬಿಡಿಸುತ್ತೆ, ಬಿಳಿ ಕರೆಯನ್ನೂ ಬಿಡಿಸುತ್ತೆ. ಇದು ಸರ್ವಿಸ್ ಅಲ್ಲದೆ ಇನ್ನೇನು? ಅದೂ ಚಳಿ ಶುರುವಾಗುವ ಮೊದಲೇ. ಹಂಡೆ ತೂತಾಗಲಿ, ಆಮೇಲೆ ನೋಡೋಣ ಅಂತ ಯಾರೂ ಕಾಯುತ್ತಿರಲಿಲ್ಲ.

ನಾವು ಗೀಸರ್ ತಂದೆವು, ಹಬ್ಬ ಬಿಟ್ಟೆವು. ಆಯುಧಪೂಜೆಯ ದಿನ ಅದರ ಮುಖಕ್ಕೆ ಕುಂಕುಮ ಇಡುತ್ತೇವೆ, ಅಷ್ಟೇ. ಬೈಕಿಗಾದರೂ ಆವತ್ತು ನೀರು ಹೊಡೆಯುತ್ತೇವೆ!

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ನಮಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಹೆಚ್ಚಿನವರಿಗೆ ಸಾವಿರ ಅಡಿ ಕೆಳಗಿನ ಬೋರಿನ ನೀರೇ ಗತಿ. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಉಪ್ಪನ್ನೆಲ್ಲ ಹೀರಿಕೊಂಡು ಬರುವ ನೀರು. ಕುಡಿಯುವ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ ಅನ್ನುತ್ತೆ ನಮ್ಮ ದೇಶದ ಮಾನದಂಡ. ನಮ್ಮ ಬೋರಿನದ್ದು ಪರೀಕ್ಷೆ ಮಾಡಿಸಿದರೆ 640 ಬಂತು. ಸಕ್ಕರೆ ಬಿಸಿ ನೀರಲ್ಲಿ ಬೇಗ ಕರಗುತ್ತೆ. ಈ ಸುಣ್ಣದ ಅಂಶ ಹಾಗಲ್ಲ. ನೀರು ಕಾದಷ್ಟೂ ಕಲ್ಲಾಗಿ ಕೂರುತ್ತೆ. ಅದರಲ್ಲೂ ಅರವತ್ತು ಡಿಗ್ರಿ ದಾಟಿದರೆ ಜಾಸ್ತಿ. ಹಾಗಾಗಿ ಗೀಸರ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಆಮೇಲೆ ಅರ್ಧ ಬಕೆಟ್ ತಣ್ಣೀರು ಬೆರೆಸಿಕೊಳ್ಳುವುದು ಶುದ್ಧ ದಡ್ಡತನ. ನಾವೂ ಅದನ್ನೇ ಮಾಡುತ್ತಿದ್ದೆವು. ಈಗ 50-55ಕ್ಕೆ ಇಟ್ಟಿದ್ದೇವೆ.

ಇಲ್ಲಿ ಒಂದು ಮಾತು. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಎರಡು ಪಟ್ಟು ಬರುತ್ತೆ ಅಂತ ಕೆಲವರು ಹೆದರಿಸುತ್ತಾರೆ. ನಂಬಬೇಡಿ. ಕಾಯಿಲ್ ನೀರಿನೊಳಗೇ ಇರುತ್ತೆ, ಅದರ ಬಿಸಿ ನೀರಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತೆ? ಬಿಸಿ ಬೇಗ ಹೊರಗೆ ಬರಲಾಗದೆ ಕಾಯಿಲ್ ಒಳಗೊಳಗೇ ಬೆಂದು ಸೀಳುತ್ತೆ. ನಷ್ಟ ಅಲ್ಲಿರುವುದು. ಸುಣ್ಣ ಸೇಫ್ಟಿ ವಾಲ್ವಿನಲ್ಲೂ ಕೂತು ಅದು ಜಾಮ್ ಆದರೆ ಮಾತ್ರ ನಿಜಕ್ಕೂ ಹೆದರಬೇಕು. ಒಳಗಿನ ಒತ್ತಡ ಹೆಚ್ಚಾದರೆ ಹೊರಗೆ ಬಿಡುವುದೇ ಅದರ ಕೆಲಸ.

ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವ ನನ್ನ ಮೈದುನ ಈ ಕಥೆ ಕೇಳಿ ನಕ್ಕ. 'ಅತ್ತಿಗೆ, ನಾವು ಡ್ರಿಪ್ ಪೈಪಿಗೆ ಆಸಿಡ್ ಬಿಡೋದು ಇನ್ಯಾಕೆ ಅಂದ್ಕೊಂಡ್ರಿ? ಇದೇ ಸುಣ್ಣ' ಅಂದ. ಡ್ರಿಪ್ಪರ್ ಕಟ್ಟಿಕೊಂಡರೆ ಗಿಡ ಒಣಗುತ್ತೆ, ಅದಕ್ಕೇ ಬೆಳೆ ಮುಗಿದಾಗ ತಪ್ಪದೆ ಮಾಡುತ್ತಾನೆ. ತೋಟದಲ್ಲಿ ಇರುವ ಬುದ್ಧಿ ಮನೆಯ ಬಚ್ಚಲಿಗೆ ಬಂದಿಲ್ಲ. (ಅವನ ಮನೆ ಗೀಸರ್ ಕೂಡ ಬಿಚ್ಚಿಲ್ಲ, ಕೇಳಿದೆ.) ಹಾಗಂತ ಬಾತ್‌ರೂಮ್ ತೊಳೆಯುವ ಆಸಿಡನ್ನು ಗೀಸರ್‌ಗೆ ಸುರಿಯಬೇಡಿ, ಟ್ಯಾಂಕೇ ಹೋಗುತ್ತೆ. ನಮ್ಮ ಮೆಕ್ಯಾನಿಕ್ ಕಾಯಿಲ್ ಹೊರಗೆ ತೆಗೆದು ನಿಂಬೆಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಸುತ್ತಾನೆ. ಅಡುಗೆಮನೆಯದ್ದೇ, ಅಂಗಡಿಯಲ್ಲಿ ಸಿಗುತ್ತೆ.

ಮಾಳಿಗೆ ಮೇಲಿನ ಸೋಲಾರ್ ಕಥೆ ಬೇರೆ. ಗೀಸರ್ ಬುದ್ಧಿ ಕಲಿಸಿದ ಮೇಲೆ ನಮ್ಮ ಮನೆಯವರಿಗೆ ಉತ್ಸಾಹ ಬಂತು. ಒಂದು ಭಾನುವಾರ ಮೇಲೆ ಹತ್ತಿ ಗಾಜಿನ ಕೊಳವೆ ಎಲ್ಲ ಬಿಚ್ಚಿ, ಒಳಗಿನ ಕೆಸರು ತೊಳೆದು, ಮತ್ತೆ ಜೋಡಿಸಿದರು. ತಿಂಡಿ, ಪೇಪರ್, ಫೋನ್ ಎಲ್ಲ ಮುಗಿಸಿ ನೀರು ಬಿಡುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು. ಎರಡು ಕೊಳವೆ ಪಟಾರ್ ಅಂತ ಒಡೆದವು. ಬಿಸಿಲಲ್ಲಿ ಖಾಲಿ ಇರುವ ಕೊಳವೆಯ ಒಳಗೆ 200 ಡಿಗ್ರಿ ದಾಟಬಹುದು. ಅದಕ್ಕೆ ತಣ್ಣೀರು ಬಿದ್ದರೆ ಕೇಳಬೇಕಾ? ಬೆಳಕು ಹರಿಯುವ ಮೊದಲು ಮುಗಿಸಿ, ಇಲ್ಲ ಗೋಣಿಚೀಲ ಮುಚ್ಚಿ ಮಾಡಿ.

ಮೇಲೆ ಹತ್ತಿದಾಗ ಕೊಳವೆಯ ಕೆಳತುದಿ ನೋಡಿ. ಅಲ್ಲಿ ಕನ್ನಡಿ ಥರ ಬೆಳ್ಳಿ ಬಣ್ಣ ಇರುತ್ತೆ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ, ಗಾಳಿ ಹೊಕ್ಕಿದೆ ಅಂತ ಲೆಕ್ಕ. ಆ ಕೊಳವೆ ನೀರು ಕಾಯಿಸಲ್ಲ, ಬಿಸಿ ಕಳೆಯುತ್ತೆ ಅಷ್ಟೇ. ನಮ್ಮದರಲ್ಲಿ ಮೂರು ಹಾಗೆ ಇದ್ದವು. 'ಮೋಡ ಜಾಸ್ತಿ, ಅದಕ್ಕೇ ಬಿಸಿ ಇಲ್ಲ' ಅಂತ ಎರಡು ವರ್ಷ ಮೋಡವನ್ನು ಬೈದಿದ್ದೆವು.

ಇನ್ನು ಏಸಿ. ನಾನು ಚಿಕ್ಕವಳಿದ್ದಾಗ ಕೋಲಾರದಲ್ಲಿ ಎಷ್ಟೋ ಮನೆಗೆ ಫ್ಯಾನೇ ಇರಲಿಲ್ಲ. ಈಗ ಮಾರ್ಚ್‌ನಿಂದ ಮೇ ತನಕ ಏಸಿ ಇಲ್ಲದೆ ಮಕ್ಕಳು ಮಲಗಲ್ಲ. ಉಳಿದ ಒಂಬತ್ತು ತಿಂಗಳು ಅದರ ಹೊರಗಿನ ಡಬ್ಬಿಯಲ್ಲಿ ಪಾರಿವಾಳದ ಸಂಸಾರ. ಫಿಲ್ಟರ್ ತೊಳೆಯುವುದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ. ಮುಚ್ಚಳ ಎತ್ತಿ, ಜಾಲರಿ ಎಳೆದು, ನಲ್ಲಿ ಕೆಳಗೆ ಹಿಡಿದು, ನೆರಳಲ್ಲಿ ಒಣಗಿಸಿದರೆ ಆಯಿತು. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಸಾಕು. ಗೀಸರ್ ಥರ ಅಲ್ಲ, ಇಲ್ಲಿ ಧೂಳು ಕಟ್ಟಿದರೆ ಬಿಲ್ ನಿಜಕ್ಕೂ ಏರುತ್ತೆ.

ನನಗೆ ಸಿಟ್ಟಿರುವುದು ಗ್ಯಾಸ್ ವ್ಯವಹಾರದ ಮೇಲೆ. ಎರಡು ವರ್ಷ ಹಿಂದೆ ಒಬ್ಬ ಬಂದು, ಡಬ್ಬಿ ಬಿಚ್ಚದೆಯೇ, 'ಗ್ಯಾಸ್ ಕಮ್ಮಿ ಆಗಿದೆ ಮೇಡಂ, ಪ್ರತಿ ವರ್ಷ ತುಂಬಿಸಬೇಕು' ಅಂತ ದುಡ್ಡು ತಗೊಂಡು ಹೋದ. ಏಸಿ ಗ್ಯಾಸ್ ಅಡುಗೆ ಸಿಲಿಂಡರ್ ಅಲ್ಲ, ಉರಿದು ಖಾಲಿಯಾಗಲು. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ತೋರಿಸು, ಮುಚ್ಚು, ಆಮೇಲೆ ತುಂಬು ಅಂತ ಹೇಳಿ. ಅರ್ಧ ಜನ ಅಲ್ಲೇ ಚೀಲ ಕಟ್ಟುತ್ತಾರೆ.

ಕೂಲರ್ ಇರುವವರು ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿ ಉಜ್ಜಿ. ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಫ್ಯಾನ್ ನಿಧಾನ ಆದರೆ ಹೊಸದು ತರುವ ಮೊದಲು ಅದರ ಕೆಪಾಸಿಟರ್ ಅನ್ನುವ ಸಣ್ಣ ಬಿಡಿಭಾಗ ಬದಲಿಸಿ ನೋಡಿ.

ಇದನ್ನೆಲ್ಲ ನೆನಪಿಡುವುದು ಹೇಗೆ? ಫೋನಿನಲ್ಲಿ ರಿಮೈಂಡರ್ ಹಾಕಿದ್ದೆ. ಬಂದಾಗಲೆಲ್ಲ ಒರೆಸಿ ಹಾಕುತ್ತಿದ್ದೆ. ಈಗ ಹಬ್ಬಕ್ಕೆ ಕಟ್ಟಿಬಿಟ್ಟಿದ್ದೇನೆ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಓಡುತ್ತೆ ಅನ್ನುತ್ತಾರಲ್ಲ, ಆ ವಾರ ಏಸಿ, ಫ್ಯಾನ್. ನೀರು ತುಂಬುವ ಹಬ್ಬದ ವಾರ ಗೀಸರ್, ಸೋಲಾರ್. ಆಗ ಮೆಕ್ಯಾನಿಕ್ ಕೂಡ ಕರೆದ ದಿನವೇ ಬರುತ್ತಾನೆ, ಆತುರ ಇಲ್ಲದೆ ಕೆಲಸ ಮಾಡುತ್ತಾನೆ, ಕಾಫಿಯನ್ನೂ ಕೂತು ಕುಡಿಯುತ್ತಾನೆ.

ಈ ಸಲ ದೀಪಾವಳಿಗೆ ಹಾಗೇ ಮಾಡಿದೆವು. ಕಾಯಿಲ್ ಮೇಲೆ ಕಾಗದದಷ್ಟು ತೆಳ್ಳಗೆ ಬಿಳಿ ಕಟ್ಟಿತ್ತು, ನಿಂಬೆಉಪ್ಪಿಗೆ ನೊರೆ ಬಂದು ಬಿಟ್ಟಿತು. ರಾಡ್ ಇನ್ನೂ ಅರ್ಧ ಉಳಿದಿದೆ. ಸಂಜೆ ನೋಡಿದರೆ ಅತ್ತೆ ಸ್ಟೂಲ್ ಹಾಕಿಸಿಕೊಂಡು ಗೀಸರ್‌ಗೆ ಅರಿಶಿನ ಕುಂಕುಮ ಇಟ್ಟು, ಪೈಪಿಗೆ ಚೆಂಡು ಹೂವಿನ ಹಾರ ಸುತ್ತುತ್ತಿದ್ದರು. ಹಾರ ಸರಿಯಾಗಿ ಸೇಫ್ಟಿ ವಾಲ್ವಿನ ಮೇಲೆ ಬಂದಿತ್ತು. ಅವರು ಆಚೆ ಹೋದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿಸಿದೆ.